ಮೋಟಾರ್ ಸೈಕಲ್ ಸಂಘಗಳೂ ನಮ್ಮ ತರುಣರೂ

2025ನೆಯ ಇಸವಿಯ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಪರಿಷ್ಕರಣದಲ್ಲಿ 350 ಸಿ.ಸಿ.ವರೆಗಿನ ಮೋಟಾರ್ ಸೈಕಲುಗಳ ಮೇಲಿನ ತೆರಿಗೆಯು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ದೊಡ್ಡ ಯಂತ್ರಗಳ ಮೇಲಿನ ತೆರಿಗೆಯು ಶೇಕಡಾ 40ಕ್ಕೆ ಏರಿತು. ಇದರಿಂದ ಶ್ರೀಮಂತರ ಗಾಡಿ ತುಟ್ಟಿಯಾಗಿ ನಡುತರದ ಗಾಡಿ ಅಗ್ಗವಾಯಿತು. ಮಾಲೀಕರ ಮಕ್ಕಳಿಗೆ ಮಾತ್ರ ಸಲ್ಲುವುದೆಂದು ಎಣಿಸಲಾಗಿದ್ದ ಬುಲೆಟ್ಟು ಇಂದು ತಿಂಗಳ ಕಂತಿನ ಮೇಲೆ ಗುಮಾಸ್ತನ ಚಾಳಿನ ಮುಂದೆಯೂ ನಿಲ್ಲುತ್ತಿದೆ. ಎರಡು ವರ್ಷ ಚೀಟಿ ಕಟ್ಟಿದ ಹೊಟೇಲು ಮಾಣಿಯ ಕೈಗೂ ಎಟಕುತ್ತಿದೆ. ಗಾಡಿ ಬಂದ ಬೆನ್ನಿಗೇ ಸಂಘವೂ ಬರುತ್ತದೆ. ಗಾಡಿ ಮಾರಿದ ಅಂಗಡಿಯವರೇ ಕೆಲವೊಮ್ಮೆ ಸಂಘದ ಸದಸ್ಯತ್ವವನ್ನೂ ಕೀಲಿಕೈಯ ಜೊತೆಗೆ ಕೊಡುತ್ತಾರೆ. ಭಾನುವಾರದ ಬೆಳಗಿನ ಜಾವ ಉಪನಗರದ ಯಾವುದಾದರೊಂದು ಪೆಟ್ರೋಲ್ ಬಂಕಿನ ಬಳಿ ಇಪ್ಪತ್ತು ಮೂವತ್ತು ಗಾಡಿಗಳು ಸೇರುವುದು, ಸಾಲಾಗಿ ಹೆದ್ದಾರಿ ಹಿಡಿಯುವುದು, ಅರವತ್ತು ಎಂಬತ್ತು ಕಿಲೋಮೀಟರು ಹೋಗಿ ಇಡ್ಲಿ ವಡೆ ತಿಂದು ಹಿಂದಿರುಗುವುದು, ವರ್ಷಕ್ಕೆ ಒಂದೆರಡು ಸಲ ಘಟ್ಟ ದಾಟಿ ದೂರದ ಊರಿಗೆ ಹೋಗುವುದು, ಇದು ಈ ಸಂಘಗಳ ಕಾರ್ಯಕ್ರಮ.

ಇದನ್ನು ನಾವು ಕೆಟ್ಟದೆನ್ನುವವರಲ್ಲ. ಊರು ಬಿಟ್ಟು ಬಂದ ತರುಣನಿಗೆ ಪಟ್ಟಣದಲ್ಲಿ ಸಂಗ ಬೇಕು. ನಮ್ಮ ಹಿರಿಯರ ಕಾಲದಲ್ಲಿ ಆ ಸಂಗವನ್ನು ರಾತ್ರಿಶಾಲೆಯೂ ಯಕ್ಷಗಾನದ ಮೇಳವೂ ಭಜನಾ ಮಂಡಳಿಯೂ ಕೊಟ್ಟವು. ಈಗಿನವರು ಅದನ್ನು ದಾರಿಯ ಮೇಲೆ ಹುಡುಕುತ್ತಿದ್ದಾರೆ. ಮರಾಠಿಗ, ಗುಜರಾತಿ, ತಮಿಳ, ಕನ್ನಡಿಗ ಎಲ್ಲರೂ ಒಂದೇ ಸಾಲಿನಲ್ಲಿ ಸಾಗಿ ಒಂದೇ ಮೇಜಿನಲ್ಲಿ ಉಪಾಹಾರ ಮಾಡುವುದು ಸಣ್ಣ ಮಾತಲ್ಲ. ಮೋಟಾರ್ ಸೈಕಲ್ಲಿನ ಅಭಿಮಾನ ಕನ್ನಡಿಗರಿಗೆ ಹೊಸದೂ ಅಲ್ಲ. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಎನ್‌ಫೀಲ್ಡ್ ಕಾರ್ಖಾನೆ ತಲೆಯೆತ್ತಿದ ಕೆಲವೇ ವರ್ಷಗಳಲ್ಲಿ, 1960-61ರ ಸುಮಾರಿಗೆ, ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಅಲ್ಲಿಂದ ಬಂದ ಜಾವಾ, ಯೆಜ್ದಿ ಗಾಡಿಗಳು ಕಾಫಿ ತೋಟಗಳ ದಾರಿಯಲ್ಲಿಯೂ ಹಳ್ಳಿಯ ಗಾಡಿಜಾಡಿನಲ್ಲಿಯೂ ಒಂದು ತಲೆಮಾರನ್ನು ಹೊತ್ತು ತಿರುಗಿದವು. ಕಾರ್ಖಾನೆಯು 1996ರಲ್ಲಿ ಬಾಗಿಲು ಹಾಕಿತಾದರೂ ಆ ಗಾಡಿಗಳ ಅಭಿಮಾನಿಗಳು ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಇಂದಿಗೂ ತಮ್ಮ ದಿನವೆಂದು ಆಚರಿಸಿ ಒಟ್ಟಾಗಿ ಸವಾರಿ ಹೊರಡುತ್ತಾರೆ.

ಆದರೆ ಸಂಘವು ಎಲ್ಲರಿಗೂ ಒಂದೇ ಆಗಿದ್ದರೂ ಅದರೊಳಗೆ ಬರುವವರ ಸ್ಥಿತಿ ಒಂದೇ ಅಲ್ಲ. ಬ್ಯಾಂಕಿನ ಅಧಿಕಾರಿಯು ಶನಿವಾರ ರಾತ್ರಿ ಎಂಟು ಗಂಟೆ ನಿದ್ರಿಸಿ ಸವಾರಿಗೆ ಬರುತ್ತಾನೆ. ನಮ್ಮ ಹುಡುಗನು ಶನಿವಾರ ರಾತ್ರಿಯ ಗಿರಾಕಿಗಳನ್ನು ಸುಧಾರಿಸಿ ಬರುತ್ತಾನೆ. ಅಧಿಕಾರಿಗೆ ಸ್ವಂತ ಗಾಡಿಯುಂಟು, ಪೂರ್ಣ ವಿಮೆಯುಂಟು. ನಮ್ಮವನು ಗೆಳೆಯನ ಗಾಡಿ ಎರವಲು ತರುತ್ತಾನೆ, ಇಲ್ಲವೆ ಗೆಳೆಯನ ಬೆನ್ನ ಹಿಂದೆ ಕುಳಿತು ಬರುತ್ತಾನೆ. ಅಪಾಯವು ಈ ವ್ಯತ್ಯಾಸದಲ್ಲಿ ಅಡಗಿದೆ ಎಂಬುದೇ ನಾವು ಇಂದು ಹೇಳಹೊರಟ ಸಂಗತಿ.

ಮೊದಲು ದಾರಿಯ ವಿಷಯ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬಾಂದ್ರಾ-ವರಳಿ ಸೇತುವೆಯ ಮೇಲೂ 2024ರ ಜನವರಿಯಲ್ಲಿ ತೆರೆದ ಅಟಲ ಸೇತುವಿನ ಮೇಲೂ ಇಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಿಂದಲೂ 2023ರ ಆಗಸ್ಟ್ 1ರಿಂದ ಮೋಟಾರ್ ಸೈಕಲುಗಳನ್ನು ಹೊರಗಿಡಲಾಗಿದೆ. ದೇಶವು ಹೊಸದಾಗಿ ಕಟ್ಟುತ್ತಿರುವ ಒಳ್ಳೆಯ ದಾರಿಗಳ ಹೆಬ್ಬಾಗಿಲಿನಲ್ಲಿಯೇ ದ್ವಿಚಕ್ರದವನನ್ನು ತಡೆದು ಲಾರಿಗಳೂ ಬಸ್ಸುಗಳೂ ಎಮ್ಮೆಗಳೂ ಓಡಾಡುವ ಹಳೆಯ ದಾರಿಗೆ ಕಳಿಸಲಾಗುತ್ತಿದೆ. ಸುರಕ್ಷತೆಗಾಗಿ ಎಂಬ ಸಮಾಧಾನವನ್ನು ಒಪ್ಪಬಹುದು. ಹಾಗಾದರೆ ಹಳೆಯ ದಾರಿಯ ಸುರಕ್ಷತೆ ಯಾರ ಹೊಣೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸರಕಾರದ ಲೆಕ್ಕದಂತೆಯೇ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರು 74,897. ಮರುವರ್ಷ ಒಟ್ಟು ಸಂಖ್ಯೆ 1 ಲಕ್ಷ 72 ಸಾವಿರವನ್ನು ದಾಟಿತು.

ಇನ್ನು ಸಂಘಯಾನದ ವಿದ್ಯೆ. ಇದು ನಿಜವಾಗಿಯೂ ಒಂದು ವಿದ್ಯೆ. ಇಪ್ಪತ್ತು ಗಾಡಿಗಳು ಏಕಕಾಲಕ್ಕೆ ಹಾರ್ನು ಬಾರಿಸುತ್ತ ಹೋಗುವುದಕ್ಕೆ ಈ ಹೆಸರು ಸಲ್ಲದು. ಒಳ್ಳೆಯ ಸಂಘದಲ್ಲಿ ಮುಂದಾಳು ಒಬ್ಬನಿರುತ್ತಾನೆ, ಕಟ್ಟಕಡೆಯಲ್ಲಿ ಹಿಂಗಾವಲಿನವನು ಒಬ್ಬನಿರುತ್ತಾನೆ. ಇವರ ನಡುವೆ ಉಳಿದವರು. ಹೊರಡುವ ಮೊದಲು ದಾರಿ, ನಿಲ್ಲುವ ಸ್ಥಳ, ಪೆಟ್ರೋಲು ಹಾಕಿಸುವ ಬಂಕು, ಕೈಸನ್ನೆಗಳು ಇವೆಲ್ಲವನ್ನೂ ತಿಳಿಹೇಳಲಾಗುತ್ತದೆ. ನೇರ ದಾರಿಯಲ್ಲಿ ಓರೆಸಾಲು, ಅಂದರೆ ಒಬ್ಬನು ಪಥದ ಎಡಕ್ಕೆ, ಅವನ ಹಿಂದಿನವನು ಬಲಕ್ಕೆ. ತಿರುವಿನಲ್ಲಿಯೂ ಘಟ್ಟದಲ್ಲಿಯೂ ಒಂಟಿಸಾಲು. ತನ್ನ ನೇರಕ್ಕೆ ಮುಂದಿರುವವನಿಂದ ಎರಡು ಸೆಕೆಂಡಿನ ಅಂತರ. ಗಂಟೆಗೆ 80 ಕಿಲೋಮೀಟರಿನಲ್ಲಿ ಓಡುವ ಗಾಡಿಯು ಸೆಕೆಂಡಿಗೆ 22 ಮೀಟರು ಸಾಗುವುದರಿಂದ ಎರಡು ಸೆಕೆಂಡೆಂದರೆ 44 ಮೀಟರು. ಸಾಲು ದೊಡ್ಡದಾದರೆ ಅದನ್ನು ಐದಾರು ಗಾಡಿಗಳ ತುಂಡುಗಳಾಗಿ ಒಡೆಯಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಹೊಸಬನನ್ನೂ ಸಣ್ಣ ಗಾಡಿಯವನನ್ನೂ ಮುಂದಾಳಿನ ಬೆನ್ನ ಹಿಂದೆಯೇ ಇರಿಸಿಕೊಳ್ಳಬೇಕು.

ಈ ಕೊನೆಯ ನಿಯಮವನ್ನು ನಮ್ಮ ಅನೇಕ ಸಂಘಗಳು ತಲೆಕೆಳಗು ಮಾಡಿವೆ. ದೊಡ್ಡ ಗಾಡಿಯವರು ಮರ್ಯಾದೆಗೆ ತಕ್ಕಂತೆ ಮುಂದೆ, 110 ಸಿ.ಸಿ.ಯ ಗಾಡಿಯಲ್ಲಿ ಇಬ್ಬರು ಕುಳಿತು ಬಂದವರು ಕೊನೆಗೆ. ಮದುವೆಯೂಟದ ಕಡೆಯ ಪಂಕ್ತಿಯವನಿಗೆ ಪಾಯಸ ಸಿಕ್ಕದಿದ್ದರೆ ಹೆಚ್ಚು ನಷ್ಟವಿಲ್ಲ. ಸವಾರಿಯ ಕಡೆಯ ಪಂಕ್ತಿಯ ಲೆಕ್ಕ ಬೇರೆ. ಮುಂದಾಳು ಗಂಟೆಗೆ 40ರಲ್ಲಿ ಹೋಗುವ ಲಾರಿಯೊಂದನ್ನು ದಾಟಿ 80ರ ವೇಗ ಹಿಡಿದನೆನ್ನಿ. ಕೊನೆಯವನಿಗೆ ದಾರಿ ತೆರವಾಗುವುದು ಒಂದು ನಿಮಿಷದ ನಂತರ. ಆ ಒಂದು ನಿಮಿಷದಲ್ಲಿ ಅವನು 650 ಮೀಟರಿಗೂ ಮಿಕ್ಕಿ ಹಿಂದುಳಿದಿರುತ್ತಾನೆ. ಸಾಲನ್ನು ಮತ್ತೆ ಕೂಡಿಕೊಳ್ಳಬೇಕಾದರೆ ಅವನು 100ರ ವೇಗದಲ್ಲಿ ಪೂರ್ತಿ ಎರಡು ನಿಮಿಷ ಓಡಬೇಕು. ನಾಲ್ಕು ಪಥಗಳ ಹೆದ್ದಾರಿಯಲ್ಲಿಯೂ ದ್ವಿಚಕ್ರಕ್ಕೆ ಕೇಂದ್ರವು 2018ರಲ್ಲಿ ಗೊತ್ತುಪಡಿಸಿದ ಮಿತಿ 80. ಇತರ ರಸ್ತೆಗಳಲ್ಲಿ 60. ಮುಂದಾಳು ಒಂದು ಕೂದಲೆಳೆಯಷ್ಟೂ ಕಾನೂನು ಮೀರದೆ ಸಾಗುತ್ತಿರುವಾಗ, ಅವನ ಸಾಲಿನ ಬಾಲವು ತನ್ನ ಯಂತ್ರದ ಕೊನೆಯುಸಿರಿನವರೆಗೆ ಹಿಂಡಿಸಿಕೊಂಡು ಕುರುಡು ತಿರುವಿನಲ್ಲಿ ಲಾರಿ ದಾಟುತ್ತಿರುತ್ತದೆ. ಅಲ್ಲಿ ಇರುವವನು ನಮ್ಮ ಹುಡುಗ. ಅವನು ವೇಗದ ಹುಚ್ಚಿನವನಲ್ಲ. ಹಿಂದೆ ಬಿದ್ದರೆ ನಗೆಗೀಡಾದೇನು ಎಂದು ನಾಚುವವನು. ದಾರಿ ತಪ್ಪಿದರೂ ಚಿಂತೆಯಿಲ್ಲ, ಮುಂದಿನ ಕವಲಿನಲ್ಲಿ ಎಲ್ಲರೂ ಕಾದು ನಿಂತಿರುತ್ತೇವೆ ಎಂದು ಹೊರಡುವಾಗಲೇ ಮಾತು ಕೊಟ್ಟು ಅದರಂತೆ ನಡೆಯುವ ಸಂಘವನ್ನು ಸೇರಬಹುದು. ಹಾಗಿಲ್ಲದ ಸಂಘಕ್ಕೆ ಜಾಕೀಟಿನ ಮೇಲೆ ಎಷ್ಟೇ ದೊಡ್ಡ ಲಾಂಛನವಿದ್ದರೂ ನಮ್ಮ ತರುಣರು ದೂರದಿಂದಲೇ ನಮಸ್ಕರಿಸುವುದು ಲೇಸು.

ನಿದ್ರೆಯ ವಿಷಯಕ್ಕೆ ಬರೋಣ. ಹೊಟೇಲು ನಡೆಸಿ ಬಲ್ಲ ನಮಗೆ ಶನಿವಾರದ ರಾತ್ರಿ ಏನೆಂಬುದು ಗೊತ್ತು. ಕಡೆಯ ಗಿರಾಕಿ ಏಳುವುದು ಹನ್ನೊಂದೂವರೆಗೆ. ಮೇಜು ಒರೆಸಿ, ಪಾತ್ರೆ ಎತ್ತಿಟ್ಟು, ನಾಳೆಯ ಉದ್ದು ಅಕ್ಕಿಯ ಕೆಲಸ ನೋಡಿ, ಗಲ್ಲಾ ಒಪ್ಪಿಸಿ ಹುಡುಗ ಚಾಪೆ ಹಾಸುವಾಗ ಒಂದು ಗಂಟೆ ಹೊಡೆದಿರುತ್ತದೆ. ಸಂಘದವರು ಸೇರುವುದು ನಾಲ್ಕೂವರೆಗೆ ಅಥವಾ ಐದಕ್ಕೆ. ನಡುವೆ ಉಳಿಯುವುದು ಮೂರು ಗಂಟೆ. ಸವಾರಿಯ ಉತ್ಸಾಹದಲ್ಲಿ ಆ ಮೂರು ಗಂಟೆಯೂ ಕಣ್ಣು ಮುಚ್ಚುವುದಿಲ್ಲ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸಂಶೋಧಕರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, 17ರಿಂದ 19 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಚುರುಕುತನವು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವರಷ್ಟೇ ಅಥವಾ ಅದಕ್ಕಿಂತ ಕೆಳಗೆ ಇಳಿದುದು ಕಂಡುಬಂದಿತು. ನಮ್ಮ ದೇಶದ ಕಾನೂನು ವಾಹನ ನಡೆಸುವವನಿಗೆ ಕೊಡುವ ಮಿತಿ 30 ಮಿಲಿಗ್ರಾಂ ಮಾತ್ರ. ಬಾಟಲಿ ಮುಟ್ಟದ ಹುಡುಗನು ಕುಡಿದವನ ಸ್ಥಿತಿಯಲ್ಲಿ ಖಂಡಾಳದ ಘಟ್ಟ ಹತ್ತುತ್ತಾನೆ ಎಂದರೆ ಅತಿಶಯೋಕ್ತಿಯಾಗದು. ಪೋಲೀಸರ ಊದುಗೊಳವೆ ಅವನನ್ನು ಹಿಡಿಯುವುದಿಲ್ಲ, ಅಷ್ಟೇ.

ಇಲ್ಲಿ ಮಾಲೀಕ ಬಂಧುಗಳೂ ಎರಡು ಮಾತು ಕೇಳಿಸಿಕೊಳ್ಳಬೇಕು. ತನ್ನ ವ್ಯಾಪ್ತಿಗೆ ಬರುವ ಅಂಗಡಿ ಹೊಟೇಲುಗಳಲ್ಲಿ ಪ್ರತಿಯೊಬ್ಬನಿಗೂ ವಾರಕ್ಕೊಮ್ಮೆ ಸತತ 24 ಗಂಟೆಗಳ ರಜೆ ಕೊಡಬೇಕೆಂದು ಮಹಾರಾಷ್ಟ್ರದ 2017ರ ಕಾನೂನು ವಿಧಿಸಿದೆ. ಭಾನುವಾರವೇ ಕೊಡಿರೆಂದು ಯಾರೂ ಕೇಳುವಂತಿಲ್ಲ. ಭಾನುವಾರ ಹೊಟೇಲಿನ ಸುಗ್ಗಿ. ಆದರೆ ಭಾನುವಾರ ಅರ್ಧ ದಿನ ಬಿಡುವಿಗಾಗಿ ಹುಡುಗನು ಶನಿವಾರ ಎರಡು ಪಾಳಿ ದುಡಿಯುವ ಒಪ್ಪಂದಕ್ಕೆ ಮಾಲೀಕನು ತಲೆಯಾಡಿಸಿದರೆ, ಆ ಸವಾರಿಯ ಅಪಾಯದಲ್ಲಿ ಅವನಿಗೂ ಒಂದು ಪಾಲುಂಟು. ಹೊಟೇಲು ಕೆಲಸಗಾರರು ತಮ್ಮದೇ ಆದ ಮಂಗಳವಾರದ ಅಥವಾ ಬುಧವಾರದ ಕೂಟಗಳನ್ನು ಏಕೆ ಕಟ್ಟಿಕೊಳ್ಳಬಾರದು? ವಾರದ ನಡುವೆ ಲೋಣಾವಳದ ದಾರಿಯಲ್ಲಿ ವಿಹಾರದ ಕಾರುಗಳ ಜಾತ್ರೆಯಿರುವುದಿಲ್ಲ. ಏಳೆಂಟು ಜನ ನಿದ್ರೆ ತೀರಿಸಿಕೊಂಡು ಎಂಟು ಗಂಟೆಗೆ ಹೊರಟರೆ ಸೂರ್ಯನೇನೂ ಕೋಪಿಸಿಕೊಳ್ಳುವುದಿಲ್ಲ. ಜಾವಕ್ಕೇ ಹೊರಡಬೇಕೆಂಬುದು ಆಫೀಸಿನವರ ಅನುಕೂಲಕ್ಕಾಗಿ ಹುಟ್ಟಿದ ಪದ್ಧತಿ.

ಈಗ ಎಲ್ಲಕ್ಕಿಂತ ಗಂಭೀರವಾದ, ಎಲ್ಲಕ್ಕಿಂತ ಕಡಿಮೆ ತಿಳಿದಿರುವ ವಿಷಯಕ್ಕೆ ಬರುತ್ತೇವೆ. ಅದು ವಿಮೆ.

ಗಾಡಿಗೆ ವಿಮೆಯಿದೆ ಎಂದು ಗೆಳೆಯನು ಹೇಳಿದರೆ ಹಿಂಬದಿ ಸವಾರನು ನಿಶ್ಚಿಂತನಾಗಿ ಕೂರುತ್ತಾನೆ. ಯಾವ ವಿಮೆ ಎಂದು ಕೇಳುವುದಿಲ್ಲ. ಕಾನೂನು ಕಡ್ಡಾಯಪಡಿಸಿರುವುದು ಮೂರನೆಯವರ ವಿಮೆಯನ್ನು ಮಾತ್ರ. ಆ ಬರಿಯ ಕಡ್ಡಾಯ ಪಾಲಿಸಿಯು ಗಾಡಿಯ ಹಿಂದೆ ಪುಕ್ಕಟೆಯಾಗಿ ಕುಳಿತು ಬಂದವನನ್ನು ಒಳಗೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರ ತಿಲಕ್ ಸಿಂಗ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಎದುರಿನ ಲಾರಿಯವನ ತಪ್ಪಿದ್ದರೆ ಲಾರಿಯ ವಿಮಾ ಸಂಸ್ಥೆಯು ಪರಿಹಾರ ಕೊಡಬೇಕಾಗುತ್ತದೆ, ನಿಜ. ಆದರೆ ಮರಳಿನ ಮೇಲೆ ಜಾರಿ ಬಿದ್ದರೆ, ಗೆಳೆಯನೇ ತೂಕಡಿಸಿ ತಡೆಗೋಡೆಗೆ ಗುದ್ದಿದರೆ, ಹಿಂದೆ ಕುಳಿತವನ ಮನೆಯವರು ಪರಿಹಾರಕ್ಕೆ ಆ ಗೆಳೆಯನನ್ನೇ ನ್ಯಾಯಾಲಯಕ್ಕೆ ಎಳೆಯಬೇಕಾಗುತ್ತದೆ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡ ಇಬ್ಬರ ಮನೆಗಳು, ಒಂದು ಮಗನನ್ನು ಕಳೆದುಕೊಂಡು ಇನ್ನೊಂದು ಗದ್ದೆ ಮಾರಿ, ಹೀಗೆ ಎರಡೂ ಹಾಳಾಗುವ ಮಾರ್ಗವಿದು. ಪೂರ್ಣ ವಿಮೆಯ ಪಾಲಿಸಿಯಾದರೆ ಹಿಂಬದಿ ಸವಾರನ ಹೊಣೆಯನ್ನೂ ಹೊರುತ್ತದೆ; ವಿಮಾ ನಿಯಂತ್ರಣ ಪ್ರಾಧಿಕಾರವೇ 2009ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ತೊಡಕು ಇನ್ನೊಂದು ಕಡೆಯಲ್ಲಿದೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೆಯವರ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಅದರ ಜೊತೆಗೆ ಗಾಡಿಯ ಹಾನಿಯ ವಿಮೆಯು ಸಾಮಾನ್ಯವಾಗಿ ಒಂದು ವರ್ಷದ್ದು. ಐದು ವರ್ಷವೆಂಬ ಅಂಕೆ ನೋಡಿ ಎಲ್ಲವೂ ಐದು ವರ್ಷಕ್ಕಿದೆಯೆಂದು ನಂಬಿದವನು ಎರಡನೆಯ ವರ್ಷದಿಂದ ಬರಿಯ ಕಡ್ಡಾಯ ವಿಮೆಯ ಮೇಲೆ ಗೆಳೆಯರನ್ನು ಹತ್ತಿಸಿಕೊಂಡು ತಿರುಗುತ್ತಿರುತ್ತಾನೆ.

ಎರವಲು ಗಾಡಿಯ ಕಥೆಯೂ ಹೀಗೆಯೇ. ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ 2018ರಿಂದ ಜಾರಿಯಲ್ಲಿದೆ. ಇದು ಯಾರ ಹೆಸರಿನಲ್ಲಿ ಗಾಡಿ ದಾಖಲಾಗಿದೆಯೋ ಅವನಿಗಾಗಿ, ಅದೂ ಅವನಲ್ಲಿ ಊರ್ಜಿತವಾದ ಲೈಸೆನ್ಸು ಇದ್ದಾಗ. ಎರವಲು ತಂದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನಾದ್ದರಿಂದ ಅದೇ ಗಾಡಿಯ ವಿಮಾ ಸಂಸ್ಥೆಯ ಮುಂದೆ ತಾನು ಮೂರನೆಯವನೆಂದು ಹೇಳಿಕೊಂಡು ಪರಿಹಾರ ಕೇಳುವಂತಿಲ್ಲ. 2020ರ ರಾಮಖಿಲಾಡಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆಂದಿದೆ. ಖಾಸಗಿ ಗಾಡಿಯನ್ನು ದಿನಕ್ಕೆ ಇಷ್ಟೆಂದು ಬಾಡಿಗೆಗೆ ತಂದರಂತೂ ಪಾಲಿಸಿಯ ಷರತ್ತೇ ಮುರಿಯುತ್ತದೆ. ಬಾಡಿಗೆಗೆ ಬೇಕಾದವರು ಪರವಾನೆಯುಳ್ಳ ಅಂಗಡಿಯಿಂದ, ಕಪ್ಪು ಫಲಕದಲ್ಲಿ ಹಳದಿ ಅಕ್ಷರವಿರುವ ಗಾಡಿಯನ್ನೇ ತರಬೇಕು. ಸವಾರಿಯನ್ನು ಪಂದ್ಯವಾಗಿ ಮಾಡಿ, ಯಾರು ಎಷ್ಟು ಹೊತ್ತಿನಲ್ಲಿ ತಲುಪಿದರೆಂದು ಬಹುಮಾನ ಹಂಚುವ ಸಂಘಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಪಂದ್ಯಕ್ಕೂ ವೇಗ ಪರೀಕ್ಷೆಗೂ ಬಳಸಿದ ಗಾಡಿಯ ಹೊಣೆಯನ್ನು ಪಾಲಿಸಿಗಳು ಮೊದಲೇ ಕಳಚಿಕೊಂಡಿವೆ.

ಆದ್ದರಿಂದ ಸಂಘದ ಕಾರ್ಯದರ್ಶಿಗಳು ಸದಸ್ಯನ ಗಾಡಿ ಎಷ್ಟು ಸಿ.ಸಿ. ಎಂದು ಕೇಳುವ ಮೊದಲು ಲೈಸೆನ್ಸು, ಪಾಲಿಸಿ, ಹಿಂಬದಿಯವನ ಹೆಲ್ಮೆಟು ಈ ಮೂರನ್ನು ಕೇಳಲಿ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟನ್ನು ಮಾರುವುದೇ 2021ರ ಜೂನಿನಿಂದ ಅಪರಾಧವಾಗಿದ್ದರೂ ಫುಟ್‌ಪಾತಿನಲ್ಲಿ ಅದು ಟೊಮೇಟೊದಂತೆ ರಾಶಿ ಬಿದ್ದಿರುತ್ತದೆ.

ಅಪಘಾತವಾದರೆ ಮಾಡಬೇಕಾದುದೇನೆಂಬುದರಲ್ಲಿ ಈಚೆಗೆ ಸ್ವಲ್ಪ ಸಮಾಧಾನದ ಬೆಳವಣಿಗೆಗಳಾಗಿವೆ. 2025ರ ಮೇ 5ರಂದು ಪ್ರಕಟವಾದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ, ಮುಂಗಡ ಹಣವಿಲ್ಲದೆ ಚಿಕಿತ್ಸೆ ದೊರೆಯಬೇಕು. ಆಸ್ಪತ್ರೆಯವರು ಹಣ ಕೇಳಿದರೆ ಈ ಯೋಜನೆಯ ಹೆಸರೆತ್ತಿ ಮಾತಾಡಲು ಹಿಂಜರಿಯಬಾರದು. ಗಾಯಾಳುವನ್ನು ಕರೆತಂದವನನ್ನು ಸತಾಯಿಸಬಾರದೆಂದು 2019ರ ತಿದ್ದುಪಡಿಯು ಮೋಟಾರು ಕಾನೂನಿನಲ್ಲಿ 134-ಎ ಎಂಬ ಹೊಸ ಕಲಮನ್ನೇ ಸೇರಿಸಿದೆ. ಪೋಲೀಸು, ಕೋರ್ಟು ಎಂದು ಹೆದರಿ ಬಿದ್ದವನನ್ನು ಬಿಟ್ಟು ಚದುರುವ ಕೂಟಕ್ಕೆ ಇನ್ನು ನೆಪವಿಲ್ಲ.

ಕೊನೆಯದಾಗಿ ಊರಿನ ದಾರಿ. ಚೌತಿಗೆ, ದೀಪಾವಳಿಗೆ, ದೈವದ ನೇಮಕ್ಕೆ ಐದಾರು ಗಾಡಿಗಳಲ್ಲಿ ಮುಂಬಯಿಯಿಂದ ನೇರವಾಗಿ ಕರಾವಳಿಗೆ ಹೊರಡುವ ರೂಢಿ ನಮ್ಮ ಹುಡುಗರಲ್ಲಿದೆ. ಬಸ್ಸಿನ ದರ ಹಬ್ಬಕ್ಕೆ ಗಗನಕ್ಕೇರುತ್ತದೆ, ರೈಲಿನ ಸೀಟು ಸಿಕ್ಕುವುದಿಲ್ಲ; ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಉಡುಪಿಯವರೆಗಿನ ಸುಮಾರು ಒಂಬೈನೂರು ಕಿಲೋಮೀಟರನ್ನು ಒಂದೇ ಉಸಿರಿಗೆ ಮುಗಿಸುವುದು ಶೌರ್ಯವಲ್ಲ. ಪನ್ವೇಲಿನಿಂದ ಗೋವೆಯ ಕಡೆಗಿನ ಹೆದ್ದಾರಿಯ ಅಗಲೀಕರಣ 2011ರಲ್ಲಿ ತೊಡಗಿ, ದಶಕ ಕಳೆದರೂ ಮುಗಿಯದೆ ಸವಾರರ ಸೊಂಟ ಮುರಿಯಿತು. ಮಳೆಗಾಲದಲ್ಲಿ ಆ ದಾರಿಯ ಗುಡ್ಡಗಳನ್ನು ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಹೊತ್ತೊಯ್ದುದನ್ನು ಹೊಟೇಲು ಬಂಧುಗಳು ಮರೆತಿರಲಾರರು. ಪುಣೆ, ಸಾತಾರಾ, ಕೊಲ್ಹಾಪುರದ ಮೇಲಿನಿಂದ ಬೆಳಗಾವಿಗೆ ಬಂದು ಅಲ್ಲಿ ರಾತ್ರಿ ತಂಗಿ, ಮರುದಿನ ಹಗಲಿನಲ್ಲಿ ಹುಬ್ಬಳ್ಳಿ, ಅರಬೈಲು ಘಟ್ಟದ ಮೂಲಕ ಅಂಕೋಲೆಗೆ ಇಳಿಯುವ ದಾರಿಯು ಹೆಚ್ಚು ಹಸನು.

ಊರಿನಲ್ಲಿ ಓಡಾಡಲು ಗಾಡಿ ಬೇಕು, ದಾರಿಯ ದಣಿವು ಬೇಡ ಎನ್ನುವವರಿಗೆ ಕೊಂಕಣ ರೈಲ್ವೆಯುಂಟು. ಗಾಡಿಯನ್ನು ಪಾರ್ಸೆಲ್ ಆಗಿ ಕಳಿಸಬಹುದು. ಆರ್.ಸಿ. ಪುಸ್ತಕದ ಪ್ರತಿ, ಗುರುತಿನ ಚೀಟಿ ಒಯ್ಯಬೇಕು. ಟಾಕಿಯ ಪೆಟ್ರೋಲನ್ನು ಪೂರ್ತಿ ಬಸಿಯಬೇಕು. ಗೋಣಿ ಸುತ್ತಿಸಿ ಹೆಸರು, ಇಳಿಯುವ ನಿಲ್ದಾಣವನ್ನು ದಪ್ಪಕ್ಷರದಲ್ಲಿ ಬರೆಯಿಸಬೇಕು. ಎಲ್ಲ ಗಾಡಿಗಳೂ ಎಲ್ಲ ನಿಲ್ದಾಣಗಳಲ್ಲಿ ಪಾರ್ಸೆಲ್ ಇಳಿಸುವಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಹಬ್ಬಕ್ಕೆ ಎಂಟು ದಿನ ಮೊದಲೇ ಪಾರ್ಸೆಲ್ ಆಫೀಸಿಗೆ ಹೋಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.